ಟಿಕೆಟ್ ಇಲ್ಲದ ಬಸಳೆ

ಶಕ್ತಿನಗರದ ನಮ್ಮ ಅಡ್ಡರಸ್ತೆಯಲ್ಲಿ ಜಡಿಮಳೆ ಸುರಿಯುವಾಗ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೊಡಪಾನ ಹಿಡಿದು ಗಿಡಗಳಿಗೆ ನೀರು ಹಾಕುತ್ತಿರುವ ಮನುಷ್ಯರೊಬ್ಬರು ಕಂಡರೆ ದಯವಿಟ್ಟು ನಗಬೇಡಿ. ಅವರು ನಮ್ಮ ಬೂಬಣ್ಣ.

"ಇಂಥ ಮಳೆಯಲ್ಲಿ ನೀರು ಯಾಕೆ ಬೂಬಣ್ಣ?" ಎಂದು ನಾನೇ ಒಮ್ಮೆ ಕೇಳಿದ್ದೆ.

"ಮಳೆಯ ಡ್ಯೂಟಿ ಮಳೆ ಮಾಡ್ತದೆ ಮಾಷ್ಟ್ರೇ. ಹಾಗಂತ ನನ್ನ ಡ್ಯೂಟಿ ನಾನು ಬಿಡ್ಲಿಕ್ಕೆ ಉಂಟಾ?"

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ನಾನು ಬೇರು ಕೊಳೆಯುವ ಬಗ್ಗೆ ಎರಡು ಮಾತು ಹೇಳಬಹುದಿತ್ತು. ಆದರೆ ಆ ಮುಖದಲ್ಲಿದ್ದ ಕರ್ತವ್ಯನಿಷ್ಠೆಯ ಎದುರು ಬೇರಿನ ವಿಷಯ ಎತ್ತುವುದು ಸಣ್ಣತನವೆನಿಸಿತು.

ಬೂಬಣ್ಣ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟಾಪಿನಿಂದ ಕೂಳೂರಿಗೆ ಹೋಗುವ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಹುಡುಗುತನದಲ್ಲಿ ಹತ್ತಿದ ಫುಟ್‌ಬೋರ್ಡಿನಿಂದ ಅವರು ಇಳಿದದ್ದು ಮೊಣಕಾಲು ನೋವು ಶುರುವಾದ ಮೇಲೆಯೇ. ಹಾಗಾಗಿ ಮಣ್ಣಿಗೂ ಅವರಿಗೂ ಪರಿಚಯವಾದದ್ದು ತೀರ ತಡವಾಗಿ. ಮನೆಯಲ್ಲಿ ಕುಳಿತು ಅಡುಗೆಕೋಣೆಗೆ ಬರುವವರನ್ನೂ ಹೋಗುವವರನ್ನೂ "ದುಂಬು ಪೋಲೆ, ದುಂಬು ಪೋಲೆ" ಎಂದು ಮುಂದಕ್ಕೆ ತಳ್ಳುತ್ತಿದ್ದ ಗಂಡನನ್ನು ತಾಳಲಾರದೆ ಹೆಂಡತಿ ದೇಯಿ ಅಕ್ಕ ಒಂದು ಹಾರೆ ಕೊಟ್ಟು ಹೊರಗೆ ಕಳಿಸಿದರು. ಹೊರಗೆ ಇದ್ದದ್ದು ಪಾಲಿಕೆಯ ಒಂದು ತುಂಡು ಖಾಲಿ ಜಾಗ. ಇಡೀ ಬಡಾವಣೆ ಅಲ್ಲಿ ಕಸ ಎಸೆಯುತ್ತಿತ್ತು.

ಬೂಬಣ್ಣ ಅದನ್ನು ನಿಲ್ಲಿಸಿದ ಬಗೆ ನನಗೆ ಇಂದಿಗೂ ಅಚ್ಚರಿ. ಬೈಯಲಿಲ್ಲ, ಬೋರ್ಡು ಹಾಕಲಿಲ್ಲ. ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ಯಾರಾದರೂ ಕಸದ ಚೀಲ ಎಸೆದು ಹೊರಟರೆ ಹಿಂದಿನಿಂದ ಉದ್ದಕ್ಕೆ ವಿಸಿಲ್ ಊದುತ್ತಿದ್ದರು. ಮಂಗಳೂರಿನವರಿಗೆ ಆ ವಿಸಿಲ್ ಕೇಳಿದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಬೂಬಣ್ಣ ಓಡಿಹೋಗಿ ಚೀಲವನ್ನು ಬಹಳ ಮರ್ಯಾದೆಯಿಂದ ಕೈಗೆ ಕೊಡುತ್ತಿದ್ದರು. "ಲಗೇಜು ಬಿಟ್ಟು ಹೋಗ್ತಾ ಇದ್ದೀರಿ ಸಾರ್." ಒಂದೇ ಮಳೆಗಾಲದಲ್ಲಿ ಜಾಗ ಸ್ವಚ್ಛವಾಯಿತು.

ಆಮೇಲೆ ತೋಟ. ಭಾನುವಾರ ಬೆಳಿಗ್ಗೆ ಊರವರೆಲ್ಲ ಬಂದು ಸೇವೆ ಮಾಡುವುದು, ಬಂದ ತರಕಾರಿ ಹಂಚಿಕೊಳ್ಳುವುದು ಎಂದು ತೀರ್ಮಾನವಾಯಿತು. ಮೊದಲ ಭಾನುವಾರ ಹಾರೆಗಿಂತ ಮೊಬೈಲು ಹೆಚ್ಚಾಗಿದ್ದವು. ಫೋಟೋ ತೆಗೆದದ್ದೇ ಎಲ್ಲರೂ ಹೋದರು. ಕೊನೆಗೆ ಉಳಿದವರು ಬೂಬಣ್ಣ ದಂಪತಿ, ಎದುರುಮನೆಯ ಬೀಫಾತಿಮ್ಮ, ಮೂಲೆಮನೆಯ ರೇಚಲ್ ಬಾಯಿ ಮತ್ತು ನಾನು.

ತೋಟ ಬಸ್ಸಿನ ಹಾಗೆಯೇ ನಡೆಯಿತು. ಒಂದು ವಿಸಿಲಿಗೆ ಕೆಲಸ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಮಡಿಗಳಿಗೆಲ್ಲ ಸ್ಟಾಪಿನ ಹೆಸರು: ಬಸಳೆ ಚಪ್ಪರ ಸ್ಟೇಟ್‌ಬ್ಯಾಂಕ್, ಬೆಂಡೆಯ ಸಾಲು ಲಾಲ್‌ಬಾಗ್, ಕಟ್ಟಕಡೆಯ ಹರಿವೆ ಮಡಿ ಕೂಳೂರು. "ರೇಚಲ್ ಬಾಯೀ, ಕೂಳೂರಿಗೆ ಹುಳ ಬಿದ್ದಿದೆ, ಎರಡು ಬುಟ್ಟಿ ಸೆಗಣಿ ಹಾಕಿ!" ಎಂದು ಅವರು ಕೂಗಿದ್ದನ್ನು ಕೇಳಿ, ದಾರಿಯಲ್ಲಿ ಹೋಗುತ್ತಿದ್ದ ಕೂಳೂರಿನ ಒಬ್ಬರು ಒಳಗೆ ಬಂದು ಜಗಳ ತೆಗೆದದ್ದೂ ಉಂಟು. ಒಮ್ಮೆ ಹರಿವೆಯ ಸಸಿಗಳನ್ನೆಲ್ಲ ಕಳೆಯೆಂದು ಕಿತ್ತು, ಕಳೆಗೆ ಕೋಲು ಕಟ್ಟಿ, ಸೆಗಣಿ ನೀರು ಹಾಕಿ ಆಳೆತ್ತರ ಬೆಳೆಸಿದರು. ಆ ಕಳೆಯಷ್ಟು ಆರೋಗ್ಯವಂತ ಕಳೆಯನ್ನು ನನ್ನ ವೃತ್ತಿಜೀವನದಲ್ಲಿ ನಾನು ಕಂಡಿಲ್ಲ.

ಬಸಳೆ ಮಾತ್ರ ಬೂಬಣ್ಣನ ಎಲ್ಲ ಉಪಚಾರವನ್ನೂ ಸಹಿಸಿಕೊಂಡು ಬೆಳೆಯಿತು. ಬೀಫಾತಿಮ್ಮ ದಿನಾ ಮೀನು ತೊಳೆದ ನೀರನ್ನು ಅದರ ಬುಡಕ್ಕೆ ತಂದು ಸುರಿಯುತ್ತಿದ್ದರು. ಬಳ್ಳಿ ಚಪ್ಪರ ತುಂಬಿ, ಗೇಟು ಹತ್ತಿ, ಕರೆಂಟು ಕಂಬದ ಕಡೆ ನೋಡುತ್ತಿತ್ತು.

ಹೀಗಿರುವಾಗ ಪಕ್ಕದ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ದೀಪೇಶ್, ಈ ಜಾಗಕ್ಕೆ ಇಂಟರ್‌ಲಾಕ್ ಹಾಕಿ ಪಾರ್ಕಿಂಗ್ ಮಾಡಬೇಕೆಂದು ಪಾಲಿಕೆಗೆ ಅರ್ಜಿ ಕೊಟ್ಟ. ಕೆಟ್ಟವನಲ್ಲ, ಮನೆಯಲ್ಲಿ ಎರಡು ಕಾರು, ನಿಲ್ಲಿಸಲು ಒಂದೇ ಜಾಗ. ಇಂಥ ಸ್ಥಿತಿಯಲ್ಲಿ ಯಾರೂ ಬಸಳೆಯನ್ನು ಪ್ರೀತಿಯಿಂದ ನೋಡಲಾರರು. ತಿಂಗಳೊಳಗೆ ಎಂಜಿನಿಯರ್ ಬಂದು ನೋಡುತ್ತಾರೆ, ಊರವರು ನಿಜವಾಗಿ ತೋಟದಲ್ಲಿ ಭಾಗವಹಿಸುತ್ತಿದ್ದರೆ ತೋಟ, ಇಲ್ಲವಾದರೆ ಪಾರ್ಕಿಂಗ್ ಎಂದು ಪಾಲಿಕೆಯಿಂದ ಉತ್ತರ ಬಂತು.

ಬೂಬಣ್ಣ ಹಾರೆ ಊರಿ ಕುಳಿತುಬಿಟ್ಟರು. "ಐದು ಜನ ಇರುವ ಬಸ್ಸನ್ನು ಯಾವ ಓನರ್ ಓಡಿಸ್ತಾನೆ ಮಾಷ್ಟ್ರೇ? ಟ್ರಿಪ್ ಕಟ್."

ಅವರ ಧ್ವನಿ ಹಾಗೆ ಸಣ್ಣಗಾದದ್ದನ್ನು ನಾವು ಯಾರೂ ಕೇಳಿರಲಿಲ್ಲ. ಬೀಫಾತಿಮ್ಮ ಮೀನಿನ ನೀರಿನ ಪಾತ್ರೆ ಹಿಡಿದುಕೊಂಡೇ ನಿಂತರು.

ಮರುದಿನ ಬೂಬಣ್ಣ ಹೊಸ ಉಪಾಯದೊಂದಿಗೆ ಬಂದರು. ರಸ್ತೆಯ ಪ್ರತಿ ಮನೆಗೂ ತೋಟದ ಬಸಳೆ ಬಳ್ಳಿ ಹಂಚುವುದು. ಬಳ್ಳಿ ಒಯ್ದವರು ಋಣಕ್ಕಾದರೂ ಭಾನುವಾರ ಬಂದೇ ಬರುತ್ತಾರೆ. ಬಳ್ಳಿಯ ತುಂಡುಗಳನ್ನು ಸಣ್ಣ ಸಣ್ಣ ಕಟ್ಟು ಮಾಡಲು ದಾರ ಸಿಗದೆ, ತಮ್ಮ ಕೊನೆಯ ಖಾಕಿ ಅಂಗಿಯನ್ನೇ ಹರಿದು ಪಟ್ಟಿ ಮಾಡಿದರು.

"ಸತ್ತಾಗ ಹೊದಿಸ್ಬೇಕು ಅಂತ ಪೆಟ್ಟಿಗೆಯಲ್ಲಿ ಇಡಿಸಿದ ಅಂಗಿ ಅಲ್ವಾ ಇದು?" ಎಂದು ದೇಯಿ ಅಕ್ಕ ಕೇಳಿದರು.

"ಬಸ್ಸೇ ನಿಂತ ಮೇಲೆ ಯೂನಿಫಾರ್ಮ್ ಎಂತಕ್ಕೆ?" ಎಂದರು ಬೂಬಣ್ಣ.

ಗೇಟಿನ ಬಳಿ ಬಾಲ್ದಿಯಲ್ಲಿ ನೀರು ತುಂಬಿ ಕಟ್ಟುಗಳನ್ನು ಇಟ್ಟದ್ದಾಯಿತು. ಮೇಲೆ ಒಂದು ಫ್ಲೆಕ್ಸ್. 'ಬಸಳೆ ಬಳ್ಳಿ ಉಚಿತ! ಬನ್ನಿ, ಕೇಳಿ, ಪಡೆಯಿರಿ!' ಪಕ್ಕದಲ್ಲಿ ಕೈಮುಗಿದು ನಿಂತ ಬೂಬಣ್ಣನ ಭಾವಚಿತ್ರ. ಬಸಳೆಯ ಚಿತ್ರವೂ ಇತ್ತು, ಅವರ ಮೊಣಕೈಯ ಹತ್ತಿರ, ಸಣ್ಣದಾಗಿ. ದೂರದಿಂದ ನೋಡಿದವರು ಅವರು ಕಾರ್ಪೊರೇಟರ್ ಚುನಾವಣೆಗೆ ನಿಂತಿದ್ದಾರೆಂದು ತಿಳಿದು, ಯಾವ ಪಕ್ಷ ಎಂದು ನನ್ನನ್ನು ವಿಚಾರಿಸಿದರು.

ಜನ ಬಂದರು, ಬಳ್ಳಿ ಮುಟ್ಟಿ ನೋಡಿದರು. "ಪೊರ್ಲು ಉಂಟು" ಎಂದು ಅದರ ಚೆಂದ ಹೊಗಳಿದರು. "ತಕ್ಕೊಳ್ಳಿ, ತಕ್ಕೊಳ್ಳಿ" ಎಂದು ಬೂಬಣ್ಣ ಕೈಗೆ ಕೊಡಲು ಹೋದರೆ ಬೆಂಕಿ ಕಂಡವರಂತೆ ಕೈ ಹಿಂದೆಳೆದುಕೊಂಡರು. "ಬೇಡ ಬೇಡ, ನೀವು ಕೊಡ್ಬೇಡಿ!" ಎಂದು ಒಬ್ಬರು ಓಡಿಯೇ ಹೋದರು. ವಾರ ಕಳೆದರೂ ಒಂದು ಕಟ್ಟೂ ಖರ್ಚಾಗಲಿಲ್ಲ.

"ಇವರಿಗೆಲ್ಲ ಎಂತ ಆಗಿದೆ ಮಾರಾಯ್ರೇ?" ಬೂಬಣ್ಣ ಅಳುವುದೊಂದೇ ಬಾಕಿ.

ರೇಚಲ್ ಬಾಯಿ ಮೆಲ್ಲಗೆ ಹೇಳಿದರು: "ಬೂಬಣ್ಣ, ನಿಮಗೆ ಗೊತ್ತಿಲ್ವಾ? ಕೇಳಿ ತಂದ ಬಸಳೆ ನೆಟ್ಟರೆ ಬರುವುದಿಲ್ಲ. ಕದ್ದು ತರ್ಬೇಕು. ಥ್ಯಾಂಕ್ಸ್ ಸಹ ಹೇಳ್ಲಿಕ್ಕಿಲ್ಲ. ನಮ್ಮಲ್ಲಿ ಎಲ್ಲ ಹಾಗೆಯೇ."

"ನಮ್ಮಲ್ಲಿಯೂ ಹಾಗೆಯೇ" ಎಂದರು ಬೀಫಾತಿಮ್ಮ.

ಜಾತಿ ಮತ ಯಾವುದೇ ಇರಲಿ, ನಮ್ಮ ಊರಿನ ಮನೆಮನೆಯಲ್ಲೂ ಇರುವ ನಂಬಿಕೆ ಇದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ತಾನು ದಾನವೋ ಕಳವೋ ಎಂದು ತಿಳಿಯುವ ಅಂಗ ಬಳ್ಳಿಗೆ ಇಲ್ಲ. ಆದರೆ ತಂದವರಿಗೆ ತಿಳಿದಿರುತ್ತದೆ. ಯಾರೋ ಕೊಟ್ಟದ್ದನ್ನು ಬಾವಿಕಟ್ಟೆಯ ಮೇಲಿಟ್ಟು ಮರೆಯುವವರು, ಎದೆ ಡವಗುಟ್ಟುತ್ತ ಕದ್ದು ತಂದದ್ದಕ್ಕೆ ಎರಡು ಹೊತ್ತೂ ನೀರು ಹಾಕುತ್ತಾರೆ. ಅಷ್ಟು ಧೈರ್ಯ ಖರ್ಚು ಮಾಡಿ ತಂದದ್ದು ಬಾಡಬಾರದಲ್ಲ.

ಬೂಬಣ್ಣ ಮಾತ್ರ ಫುಟ್‌ಬೋರ್ಡಿನಲ್ಲಿ ಬೆಳೆದವರು. ಬಸ್ಸಿನಲ್ಲಿ ಬಸಳೆ ಇರಲಿಲ್ಲ. ಅವರ ಮುಖ ಕೆಂಪಾಯಿತು.

"ಹಾಗಾದ್ರೆ ಟಿಕೆಟ್ ಇಲ್ಲದೆ ಹೋಗುವುದೇ ಸರಿ ಅಂತ ಹೇಳ್ತೀರಾ? ನನ್ನ ಇಡೀ ಸರ್ವಿಸ್‌ನಲ್ಲಿ ಒಬ್ಬನೇ ಒಬ್ಬನನ್ನು ನಾನು ಟಿಕೆಟ್ ಇಲ್ಲದೆ ಬಿಟ್ಟವ ಅಲ್ಲ. ನನ್ನ ಸ್ವಂತ ಭಾವನನ್ನು ಲಾಲ್‌ಬಾಗ್‌ನಲ್ಲಿ ಇಳಿಸಿದ್ದೇನೆ!"

"ಅದಕ್ಕೇ ಅವ ಇನ್ನೂ ನಮ್ಮ ಮನೆಗೆ ಬರುವುದಿಲ್ಲ" ಎಂದರು ದೇಯಿ ಅಕ್ಕ.

"ನೀವು ಸ್ವಲ್ಪ ಆಚೆ ನೋಡಿ ಸಾಕು ಬೂಬಣ್ಣ" ಎಂದು ಬೀಫಾತಿಮ್ಮ ಸಮಾಧಾನ ಹೇಳಿದರು. "ಜನ ತಾವೇ ತಕ್ಕೊಂಡು ಹೋಗ್ತಾರೆ."

"ಕಂಡಕ್ಟರ್ ಆಚೆ ನೋಡುವುದಾ!"

ಬೂಬಣ್ಣ ಒಪ್ಪಲಿಲ್ಲ. ಹಳೆಯ ಫ್ಲೆಕ್ಸ್ ಇಳಿಸಿ, ಹಿಂಬದಿಗೆ ತಾವೇ ಬಣ್ಣದಲ್ಲಿ ಬರೆದರು: 'ಕೇಳದೆ ಬಳ್ಳಿ ಮುಟ್ಟಿದವರ ಮೇಲೆ ಕಠಿಣ ಕ್ರಮ.' ಬಾಲ್ದಿಯ ಸುತ್ತ ಹಗ್ಗ ಕಟ್ಟಿದರು. ಪಕ್ಕದಲ್ಲಿ ಕುರ್ಚಿ ಹಾಕಿ, ವಿಸಿಲ್ ಬಾಯಲ್ಲಿಟ್ಟು ಕುಳಿತರು.

ಮಧ್ಯಾಹ್ನ ಊಟವಾಗಿ ಇಡೀ ಶಕ್ತಿನಗರ ಕಣ್ಣು ಮುಚ್ಚುವ ಹೊತ್ತಿಗೆ ಬೂಬಣ್ಣನೂ ಕುರ್ಚಿಯಲ್ಲೇ ಕಣ್ಣು ಮುಚ್ಚಿದರು. ಎಚ್ಚರವಾದಾಗ ಬಾಲ್ದಿಯಲ್ಲಿ ನೀರು ಮಾತ್ರ ಇತ್ತು.

ಮರುದಿನ ಹೊಸ ಕಟ್ಟುಗಳನ್ನಿಟ್ಟರು. ಮತ್ತೆ ಮಾಯ. ಹಗ್ಗ ಎರಡು ಸುತ್ತು ಹೆಚ್ಚಾಯಿತು, ಕಳವೂ ಹೆಚ್ಚಾಯಿತು. ಉಚಿತ ಎಂದಾಗ ಯಾರಿಗೂ ಬೇಡವಾಗಿದ್ದ ಬಳ್ಳಿಗೆ, ಕಾವಲು ಬಿದ್ದದ್ದೇ ಬಂಗಾರದ ಬೆಲೆ ಬಂತು. ಬೇರೆ ಬೀದಿಯವರೂ ಊಟ ಮುಗಿಸಿ ನಮ್ಮ ರಸ್ತೆಯಲ್ಲಿ ವಾಕಿಂಗ್ ಬರತೊಡಗಿದರು. ಉರಿಬಿಸಿಲಿನಲ್ಲಿ, ಕೈಯಲ್ಲಿ ಖಾಲಿ ಚೀಲ ಹಿಡಿದು.

ಬೂಬಣ್ಣನಿಗೆ ಸಂಶಯ ಒಬ್ಬನ ಮೇಲೆಯೇ. "ಇದು ದೀಪೇಶನ ಕೆಲಸ. ತೋಟ ಖಾಲಿ ಮಾಡಿ ಎಂಜಿನಿಯರಿಗೆ ತೋರಿಸುವ ಪ್ಲಾನು." ನಾವು ಎಷ್ಟು ಹೇಳಿದರೂ ಕೇಳದೆ ಪೊಲೀಸರಿಗೆ ದೂರು ಕೊಟ್ಟು ಬಂದರು. ವಾರದ ಮೇಲೆ ಬಡಾವಣೆಯ ಬೀಟ್ ಕಾನ್‌ಸ್ಟೆಬಲ್ ದೀಕ್ಷಿತ್ ಬೈಕಿನಲ್ಲಿ ಬಂದ. ಗ್ರಹಚಾರಕ್ಕೆ ಅವನ ಹಿಂದೆಯೇ ಪಾಲಿಕೆಯ ಜೀಪು ಬಂದು ನಿಂತು, ಎಂಜಿನಿಯರ್ ಆಂಡ್ರಿಯಾ ಮೇಡಂ ಕೆಳಗಿಳಿದರು. ಅಪಾರ್ಟ್‌ಮೆಂಟಿನ ಮೇಲಿನಿಂದ ದೀಪೇಶನೂ ಲಿಫ್ಟಿಗೆ ಕಾಯದೆ ಓಡಿ ಬಂದ.

ಮೇಡಂ ಸುತ್ತ ನೋಡಿದರು. ಬಸಳೆ ಚಪ್ಪರ ಬೋಳಾಗಿತ್ತು. ಜನ ಎಂದರೆ ನಾವು ಐವರು.

"ಸ್ವಯಂಸೇವಕರು ಇಷ್ಟೇನಾ?"

"ನೋಡಿ ಮೇಡಂ, ನಾನು ಮೊದಲೇ ಹೇಳಿದ್ದಲ್ವಾ" ಎಂದ ದೀಪೇಶ್.

ಬೂಬಣ್ಣನ ಸಹನೆಯ ಕಟ್ಟೆ ಒಡೆಯಿತು. "ಮೇಡಂ, ತೋಟ ತುಂಬ ಬಸಳೆ ಇತ್ತು. ಕದ್ದಿದ್ದಾರೆ! ನನ್ನ ಹತ್ರ ಗುರುತು ಉಂಟು. ಪ್ರತಿ ಕಟ್ಟಿಗೆ ನನ್ನ ಯೂನಿಫಾರ್ಮಿನ ಚೂರು ಕಟ್ಟಿದ್ದೇನೆ. ದೀಕ್ಷಿತ್, ನೀನು ಈಗಲೇ ಮನೆ ಮನೆ ನೋಡು. ಮೇಡಂ, ನೀವೂ ಬನ್ನಿ, ಸಾಕ್ಷಿ ಬೇಕು."

ಮೊದಲ ಮನೆಯ ಬಚ್ಚಲಿನ ಹಿಂದೆ ಕುಡಿ ಬಿಟ್ಟ ಬಸಳೆ ಕೋಲು ಹತ್ತುತ್ತಿತ್ತು. ಕೋಲಿಗೆ ಕಟ್ಟಿದ್ದು ಖಾಕಿ ಪಟ್ಟಿ.

"ಇದು ನನ್ನ ತವರಿನಿಂದ ತಂದದ್ದು" ಎಂದರು ಮನೆಯಾಕೆ.

"ನಿಮ್ಮ ತವರಿನಲ್ಲಿ ಯಾರು ಕಂಡಕ್ಟರು?" ಎಂದು ದೀಕ್ಷಿತ್ ಕೇಳಿದ.

ಎರಡನೇ ಮನೆ, ಹಳೆಯ ಟಬ್ಬಿನಲ್ಲಿ ಬಸಳೆ, ಖಾಕಿ ಪಟ್ಟಿ. ಮೂರನೆಯದರಲ್ಲಿ ಪೇಂಟಿನ ಡಬ್ಬದಲ್ಲಿ. ಗಲ್ಫಿನಿಂದ ರಜೆಗೆ ಬಂದಿದ್ದ ನಿಝಾರ್ ತನ್ನ ತಾರಸಿಯಲ್ಲಿ ಬಸಳೆಗೆ ಕೊಡೆ ಬಿಡಿಸಿ ನೆರಳು ಮಾಡಿದ್ದ. "ನಾನು ಹೋಗುವ ಮೊದಲು ಒಂದು ಸಲ ಸಿಗಡಿ ಹಾಕಿ ಪದಾರ್ಥ ಮಾಡುವಷ್ಟಾದ್ರೂ ಆಗ್ಲಿ ಅಂತ" ಎಂದು ತಲೆ ಕೆರೆದುಕೊಂಡ. ಹುಡುಕಿದಷ್ಟೂ ಖಾಕಿ. ರಸ್ತೆ ತುಂಬ ಬೂಬಣ್ಣನ ಅಂಗಿ ಹಾರಾಡುತ್ತಿತ್ತು. ನಮ್ಮ ಮನೆಯ ಬಾಲ್ಕನಿಯ ವಿಷಯ ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅದು ನನ್ನ ಹೆಂಡತಿಯ ವಿಭಾಗ.

ಜನ ಮೊದಲು ನಾಚಿದರು. ಆಮೇಲೆ ಹಿಂದೆಯೇ ಮೆರವಣಿಗೆಯಂತೆ ಬಂದು ಒಬ್ಬರ ಬಳ್ಳಿಯನ್ನು ಒಬ್ಬರು ನೋಡತೊಡಗಿದರು. "ನಿಮ್ಮದು ಯಾಕೆ ಹಳದಿ? ಮೀನಿನ ನೀರು ಹಾಕುವುದಿಲ್ವಾ?" "ನಾವು ತಿನ್ನುವುದಿಲ್ಲ ಅಲ್ವಾ, ಅಕ್ಕಿ ತೊಳೆದ ನೀರು ಹಾಕ್ತೇವೆ." "ನಮ್ಮ ಮನೆಯಿಂದ ಕಳಿಸ್ತೇನೆ, ನೀವು ಮೂಗು ಮುಚ್ಚಿಕೊಂಡು ಹಾಕಿ." ಕಸದ ಜಗಳ ಬಿಟ್ಟು ಬೇರೆ ಕಾರಣಕ್ಕೆ ನಮ್ಮ ರಸ್ತೆಯವರು ಒಟ್ಟಿಗೆ ನಿಂತು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೊನೆಗೆ ದೀಪೇಶನ ಮನೆ!" ಎಂದರು ಬೂಬಣ್ಣ.

"ನಮ್ಮದು ಫ್ಲ್ಯಾಟ್ ಅಂಕಲ್, ಅಲ್ಲಿ ಎಲ್ಲಿ ತೋಟ..." ಎನ್ನುತ್ತಿದ್ದ ದೀಪೇಶ್ ಅರ್ಧಕ್ಕೆ ನಿಂತ. ಎಲ್ಲರೂ ತಲೆಯೆತ್ತಿದ್ದರು. ಅವನ ಬಾಲ್ಕನಿಯ ಸರಳಿನಿಂದ ಒಂದು ಬಸಳೆ ಕುಡಿ ಕೆಳಗೆ ಇಣುಕುತ್ತಿತ್ತು. ಅದರ ಕುತ್ತಿಗೆಗೆ ಖಾಕಿ.

"ಅಮ್ಮ..." ಎಂದ ದೀಪೇಶ್, ಯಾರಿಗೂ ಕೇಳಿಸದಂತೆ.

"ಅಮ್ಮನೇ!" ಮೇಲಿನಿಂದ ಅವನ ತಾಯಿಯ ದನಿ ಬಂತು. "ನೀನು ಕಾರು ನಿಲ್ಲಿಸ್ಲಿಕ್ಕೆ ಜಾಗ ಹುಡುಕು, ನಾನು ಬಸಳೆ ಹುಡುಕ್ತೇನೆ!"

ಬೂಬಣ್ಣ ವಿಜಯದಿಂದ ಸೊಂಟಕ್ಕೆ ಕೈಯಿಟ್ಟು ಮೇಡಂ ಕಡೆ ತಿರುಗಿದರು. "ನೋಡಿದ್ರಾ? ಇಡೀ ರಸ್ತೆಯೇ ಟಿಕೆಟ್ ಇಲ್ಲದ್ದು!"

ಆಗ ದೇಯಿ ಅಕ್ಕ ಮುಂದೆ ಬಂದರು. ಇಷ್ಟು ದಿನ ತಡೆದುಕೊಂಡಿದ್ದದ್ದು ಹೊರಗೆ ಬಂತು.

"ಇವ್ರೇ, ಆ ಚಪ್ಪರದ ಮೊದಲ ಬಳ್ಳಿ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತುಂಟಾ?"

"ನೀನು ತಂದದ್ದಲ್ವಾ?"

"ಹೌದು. ಎಲ್ಲಿಂದ ತಂದೆ? ರೇಚಲ್ ಬಾಯಿಯವರ ಕಂಪೌಂಡಿನಿಂದ. ಅವರು ಚರ್ಚಿಗೆ ಹೋದಾಗ."

"ಸಾಯ್ಬಾ ಭೊಗೊಸ್!" ರೇಚಲ್ ಬಾಯಿ ಎದೆಗೆ ಕೈಯಿಟ್ಟು ದೇವರ ಕ್ಷಮೆ ಕೇಳಿದರು. ಆದರೆ ಕ್ಷಮೆ ಬೇಕಾದದ್ದು ದೇಯಿ ಅಕ್ಕನಿಗಲ್ಲವೆಂದು ಕೂಡಲೇ ತಿಳಿಯಿತು. "ನಾನು ಅದನ್ನು ಬೀಫಾತಿಮ್ಮನ ಅಂಗಳದಿಂದ ತಂದದ್ದು."

ಎಲ್ಲರೂ ಬೀಫಾತಿಮ್ಮನನ್ನು ನೋಡಿದರು. ಅವರು ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: "ಬಂದರಿನಲ್ಲಿ ನನ್ನ ತಾಯಿಮನೆ ಹತ್ರ ಒಂದು ಗೋದಾಮು ಉಂಟು. ಅದರ ಗೋಡೆಯಿಂದ ಹೊರಗೆ ಬಂದಿತ್ತು. ಗೋಡೆಯ ಒಳಗಿನದ್ದು ಯಾರು ಕದ್ದದ್ದು ಅಂತ ನನಗೆ ಗೊತ್ತಿಲ್ಲ."

ಬೂಬಣ್ಣ ರಸ್ತೆಬದಿಯ ಮೈಲುಗಲ್ಲಿನಂತೆ ನಿಂತರು. ಅವರ ಬಸ್ಸು ಡಿಪೋದಿಂದ ಹೊರಡುವಾಗಲೇ ಟಿಕೆಟ್ ಇಲ್ಲದೆ ಹೊರಟಿತ್ತು.

ದೀಕ್ಷಿತ್ ಕೆಮ್ಮಿದ. "ಬೂಬಣ್ಣ, ಕಂಪ್ಲೇಂಟ್ ಮುಂದುವರಿಸುವುದಾದ್ರೆ ಎಲ್ಲರನ್ನೂ ಸ್ಟೇಷನಿಗೆ ಕರ್ಕೊಂಡು ಹೋಗ್ಬೇಕು. ನನ್ನ ಬೈಕು ಸಾಕಾಗುವುದಿಲ್ಲ. ನಿಮ್ಮ ಹಳೇ ಓನರಿಗೆ ಹೇಳಿ ಒಂದು ಬಸ್ಸು ತರಿಸಿ."

"ಅದಕ್ಕೆ ಮೊದಲು ನನಗೆ ಒಂದು ಉತ್ತರ ಬೇಕು" ಎಂದರು ಆಂಡ್ರಿಯಾ ಮೇಡಂ. ಅವರ ಮುಖದಲ್ಲಿ ನಗು ಇತ್ತೋ ಇಲ್ಲವೋ ಹೇಳುವುದು ಕಷ್ಟ. "ಇವರೆಲ್ಲ ಕಳ್ಳರಾದ್ರೆ ನಿಮ್ಮ ತೋಟದಲ್ಲಿ ಐದೇ ಜನ. ಪಾರ್ಕಿಂಗ್ ಮಾಡ್ಲೇಬೇಕಾಗ್ತದೆ. ಇವರು ನಿಮ್ಮವರಾದ್ರೆ ಇಡೀ ರಸ್ತೆ ತೋಟ. ನೀವೇ ಹೇಳಿ ಬೂಬಣ್ಣ, ಇವರು ಯಾರು?"

ಮಳೆಯಲ್ಲಿ ಕೊಡೆ ಹಿಡಿದು ನೀರು ಹಾಕುವ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಬೀಫಾತಿಮ್ಮ ಕಣ್ಣು ಮುಚ್ಚಿ ಏನೋ ಪ್ರಾರ್ಥಿಸಿದರು. ಬೂಬಣ್ಣ ನಿಝಾರನ ತಾರಸಿಯ ಕೊಡೆಯನ್ನು ನೋಡಿದರು. ಪೇಂಟಿನ ಡಬ್ಬ ನೋಡಿದರು. ಮೇಲೆ ಬಾಲ್ಕನಿಯಿಂದ ಇಣುಕುತ್ತಿದ್ದ ಕುಡಿಯನ್ನು ಬಹಳ ಹೊತ್ತು ನೋಡಿದರು. ಒಂದೂ ಬಾಡಿರಲಿಲ್ಲ.

ಗಂಟಲು ಸರಿಮಾಡಿಕೊಂಡರು.

"ಪಾಸಿನವರು ಮೇಡಂ."

"ಎಂತ?"

"ಪಾಸು. ಟಿಕೆಟ್ ಬೇಡ ಇವರಿಗೆ. ಆ ಖಾಕಿ ಚೂರು ಕಾಣ್ತದಲ್ಲ, ಅದೇ ಪಾಸು. ನಾನೇ ಕೊಟ್ಟದ್ದು. ಎಲ್ಲ ನಮ್ಮ ಬಸ್ಸಿನವರು."

ಅಷ್ಟು ಹೇಳಿ ಹೆಗಲಿನಿಂದ ಬೈರಾಸು ತೆಗೆದು ಮುಖ ಒರೆಸಿಕೊಂಡರು. ತಮ್ಮ ಸರ್ವಿಸಿನ ಅತಿ ದೊಡ್ಡ ರಿಯಾಯಿತಿಯನ್ನು ಕೊಟ್ಟ ಬೆವರು ಅದು.

"ಹಾಗಾದ್ರೆ ನನ್ನ ಹತ್ರವೂ ಪಾಸ್ ಉಂಟು" ಎಂದ ದೀಪೇಶ್, ಚಪ್ಪಲಿ ನೋಡುತ್ತ. "ಮೇಡಂ, ಆ ಅರ್ಜಿ... ಎರಡನೇ ಕಾರು ನಾನು ಮಾವನ ಮನೆಯಲ್ಲಿ ಬಿಡ್ತೇನೆ."

"ಪಾರ್ಕಿಂಗಿಗೆ ಬೇರೆ ಜಾಗ ನೋಡುವ. ಇದು ತೋಟವಾಗಿಯೇ ಇರ್ಲಿ" ಎಂದರು ಮೇಡಂ. ಬೀಫಾತಿಮ್ಮ ಮತ್ತು ರೇಚಲ್ ಬಾಯಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಹಿಂದೆ ಯಾರೋ ಚಪ್ಪಾಳೆ ಹೊಡೆದರು.

ಜೀಪಿನ ಹತ್ತಿರ ಹೋದ ಮೇಡಂ ಅಲ್ಲಿಯೇ ನಿಂತು, ಗೇಟಿನ ಬಾಲ್ದಿಯ ಕಡೆ ನೋಡಿದರು. ಅದರಲ್ಲಿ ಅಂದಿನ ಕೊನೆಯ ಕಟ್ಟೊಂದು ಉಳಿದಿತ್ತು.

"ಬೂಬಣ್ಣ, ನಮ್ಮ ಮನೆಯಲ್ಲಿ ಎಷ್ಟು ಸಲ ನೆಟ್ಟರೂ ಬಸಳೆ ಬರ್ಲಿಲ್ಲ. ಇದೊಂದು ನನಗೆ ಕೊಡ್ತೀರಾ?"

ಬೂಬಣ್ಣ ಸಂತೋಷದಿಂದ ಬಾಲ್ದಿಗೆ ಕೈ ಹಾಕಿದರು. ಅಲ್ಲಿಯೇ ತಡೆದು ನಿಂತರು. ಕೈ ಹೊರಗೆ ತೆಗೆದರು.

"ಕೊಡ್ಲಿಕ್ಕೆ ಆಗುವುದಿಲ್ಲ ಮೇಡಂ."

ದೇಯಿ ಅಕ್ಕ "ಇವ್ರೇ!" ಎಂದು ಹಲ್ಲು ಕಚ್ಚಿದರು.

ಬೂಬಣ್ಣ ಗೇಟಿಗೆ ಬೆನ್ನು ಹಾಕಿ ತಿರುಗಿದರು. ಎರಡೂ ಕೈ ಹಿಂದೆ ಕಟ್ಟಿಕೊಂಡು ಎದುರಿನ ಹಲಸಿನ ಮರದ ತುದಿ ನೋಡತೊಡಗಿದರು. ಅಷ್ಟು ಸಾಲದೆಂದು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಮೊದಲು ಅರ್ಥವಾದದ್ದು ಬೀಫಾತಿಮ್ಮನಿಗೆ. ಅವರೂ ತಿರುಗಿ ನಿಂತರು. ರೇಚಲ್ ಬಾಯಿ, ದೇಯಿ ಅಕ್ಕ, ನಿಝಾರ್, ದೀಪೇಶ್, ನಾನು, ಇಡೀ ರಸ್ತೆ ಹಲಸಿನ ಮರದ ಕಡೆ ಮುಖ ಮಾಡಿತು. ದೀಕ್ಷಿತ್ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡ.

ಹಿಂದೆ ನೀರು ತುಳುಕಿದ ಸದ್ದು. ಗಡಿಬಿಡಿಯ ಹೆಜ್ಜೆ. ಜೀಪಿನ ಬಾಗಿಲು ಮುಚ್ಚಿತು.

"ಹತ್ತಿದ್ರಾ?" ಕಣ್ಣು ತೆರೆಯದೆಯೇ ಬೂಬಣ್ಣ ಕೇಳಿದರು.

"ಹತ್ತಿದ್ರು" ಎಂದರು ಬೀಫಾತಿಮ್ಮ, ಅವರೂ ತಿರುಗಿ ನೋಡದೆ.

ಬೂಬಣ್ಣ ವಿಸಿಲ್ ಬಾಯಿಗಿಟ್ಟು ಎರಡು ಸಲ ಊದಿದರು.

"ರೈಟ್!"